ಮೆಟ್ರೊ ಇಳಿದ ಮೇಲೆ ಮ್ಯೂಸಿಯಂ ಎಷ್ಟು ದೂರ?

ಹೊಸ ವರ್ಷದ ಮೊದಲ ಭಾನುವಾರ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಕಾಲಿಡಲು ಜಾಗ ಸಿಗುವುದಿಲ್ಲ. ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಲ್ಲಿ ಶುರುಮಾಡಿದ ಚಿತ್ರಸಂತೆಗೆ ಅಂದು ಲಕ್ಷಾಂತರ ಜನ ಬರುತ್ತಾರೆ. ರಸ್ತೆಗೆ ವಾಹನ ಬಿಡುವುದಿಲ್ಲ. ಎರಡೂ ಬದಿಯಲ್ಲಿ ಕಲಾವಿದರು ಚಿತ್ರಗಳನ್ನು ಒರಗಿಸಿಟ್ಟುಕೊಂಡು ಕೂತಿರುತ್ತಾರೆ. ಬಂದವರಲ್ಲಿ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡ ಅಪ್ಪಂದಿರು, ಕಾಲೇಜು ಹುಡುಗಿಯರು, ಊರಿನಿಂದ ಬಂದ ನೆಂಟರನ್ನು ಕರೆತಂದವರು, ನಿವೃತ್ತ ಮೇಷ್ಟ್ರುಗಳು ಎಲ್ಲರೂ ಇರುತ್ತಾರೆ. ಬಹುತೇಕರು ಮೆಜೆಸ್ಟಿಕ್ಕಿನಿಂದಲೋ ಸಂಪಿಗೆ ರಸ್ತೆಯ ಮೆಟ್ರೊ ನಿಲ್ದಾಣದಿಂದಲೋ ಗುಂಪು ಕಟ್ಟಿಕೊಂಡು ನಡೆದು ಬಂದಿರುತ್ತಾರೆ. ಚಿತ್ರ ಕೊಳ್ಳುವವರು ಕೆಲವರು. ಮಿಕ್ಕವರು ನೋಡಲೆಂದೇ ಬಂದವರು, ಸಂಜೆಯಾದರೂ ಹೊರಡಲು ಮನಸ್ಸಿಲ್ಲದವರು.

ಅದೇ ವಾರದ ಬುಧವಾರವೋ ಗುರುವಾರವೋ ಅರಮನೆ ರಸ್ತೆಯ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯಕ್ಕೆ ಹೋಗಿ ನೋಡಿ. ಚಿತ್ರಸಂತೆ ನಡೆಯುವ ರಸ್ತೆಗೂ ಇದಕ್ಕೂ ನಡುವೆ ಇರುವುದು ಹೈಗ್ರೌಂಡ್ಸ್ ಅಷ್ಟೇ. ದೇಶದ ದೊಡ್ಡ ಕಲಾವಿದರ ಕೃತಿಗಳು ಗೋಡೆಯ ಮೇಲಿರುತ್ತವೆ, ಕೋಣೆಯಲ್ಲಿ ಕಾವಲಿನವರ ಹೆಜ್ಜೆ ಸದ್ದು ಕೇಳುವಷ್ಟು ಮೌನವಿರುತ್ತದೆ. ನಮ್ಮ ಜನಕ್ಕೆ ಕಲೆಯಲ್ಲಿ ಆಸಕ್ತಿ ಇಲ್ಲ ಎಂಬ ಮಾತನ್ನು ಇಂಥ ಕೋಣೆಗಳಲ್ಲಿ ನಿಂತು ಹೇಳುವವರನ್ನು ಬಹಳ ಕೇಳಿದ್ದೇನೆ. ಆ ಮಾತು ತಪ್ಪು ಎನ್ನುವುದಕ್ಕೆ ಚಿತ್ರಸಂತೆಯೇ ಸಾಕ್ಷಿ. ಇದೇ ಊರಿನ ಇದೇ ಜನ ನಡೆಯಲು ರಸ್ತೆ ಕೊಟ್ಟ ದಿನ ಬಂದರು. ಮಿಕ್ಕ ದಿನ ಯಾಕೆ ಬರಲಿಲ್ಲ ಎಂದು ತಿಳಿಯಲು ಗ್ಯಾಲರಿಯ ಒಳಗಿನ ಫಲಕಗಳನ್ನು ಓದಿದರೆ ಸಾಲದು, ಮನೆಯಿಂದ ಅಲ್ಲಿಯವರೆಗೆ ಬಸ್ಸಿನಲ್ಲಿ, ಮೆಟ್ರೊದಲ್ಲಿ, ಕಾಲ್ನಡಿಗೆಯಲ್ಲಿ ಹೋಗಬೇಕು. ಈ ಬರಹ ಆ ದಾರಿಯ ಬಗ್ಗೆ.

ಬೆಂಗಳೂರಿನ ಕಲಾ ಸಂಗ್ರಹಾಲಯಗಳಿಗೆ ಹೋಗುವ ದಾರಿ ಹದಿನೈದು ವರ್ಷಗಳಲ್ಲಿ ತುಂಬ ಬದಲಾಗಿದೆ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲ ಮೆಟ್ರೊ ಓಡಿದಾಗ ಅದರ ಉದ್ದ ಏಳು ಕಿಲೋಮೀಟರ್ ಕೂಡ ಇರಲಿಲ್ಲ. ಆಗ ಅದು ಅನೇಕರಿಗೆ ಭಾನುವಾರದ ಮೋಜಿನ ಸವಾರಿ. 2016ರ ಏಪ್ರಿಲ್ ಕೊನೆಗೆ ಕಬ್ಬನ್ ಪಾರ್ಕಿನಿಂದ ಮೆಜೆಸ್ಟಿಕ್ ಕಡೆಗೆ ಹೋಗುವ ನೆಲದಡಿಯ ಭಾಗ ತೆರೆಯಿತು. ದಕ್ಷಿಣ ಭಾರತದ ಮೊದಲ ಸುರಂಗ ಮೆಟ್ರೊ ಅದು. ಕಲೆ ನೋಡುವವರ ಮಟ್ಟಿಗೆ ನಿಜವಾದ ಬದಲಾವಣೆ ಬಂದದ್ದು ಆವತ್ತು. ಮೈಸೂರು ರಸ್ತೆ ಕಡೆಯವರೂ ಬೈಯಪ್ಪನಹಳ್ಳಿ ಕಡೆಯವರೂ ಗಾಡಿ ಬದಲಿಸದೆ ಕಬ್ಬನ್ ಪಾರ್ಕಿಗೆ ಬರುವಂತಾಯಿತು. 2023ರ ಅಕ್ಟೋಬರ್ 9ರಿಂದ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ತಡೆಯಿಲ್ಲದೆ ಓಡುತ್ತಿದೆ. ನಾಗಸಂದ್ರ, ಪೀಣ್ಯ, ಯಶವಂತಪುರ, ಜಯನಗರ, ಬನಶಂಕರಿಯವರು ಹಸಿರು ಮಾರ್ಗದಲ್ಲಿ ಬಂದು ಮೆಜೆಸ್ಟಿಕ್ಕಿನಲ್ಲಿ ಬದಲಿಸಿಕೊಂಡರೆ ಮೂರನೆಯ ನಿಲ್ದಾಣವೇ ಕಬ್ಬನ್ ಪಾರ್ಕ್. 2025ರ ಆಗಸ್ಟಿನಲ್ಲಿ ಬೊಮ್ಮಸಂದ್ರದ ಹಳದಿ ಮಾರ್ಗವೂ ಆರ್.ವಿ. ರಸ್ತೆಯಲ್ಲಿ ಬಂದು ಕೂಡಿಕೊಂಡಿತು. ಎಲೆಕ್ಟ್ರಾನಿಕ್ ಸಿಟಿಯಿಂದ ಎರಡು ಕಡೆ ಬದಲಿಸಬೇಕು, ಆದರೂ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತು ಕಾಯುವ ಪಾಡು ತಪ್ಪಿದೆ.

ಕಬ್ಬನ್ ಪಾರ್ಕ್ ನಿಲ್ದಾಣದಿಂದ ಮೇಲೆ ಬಂದರೆ ಚಿನ್ನಸ್ವಾಮಿ ಕ್ರೀಡಾಂಗಣ ಕಾಣುತ್ತದೆ. ವಿಕ್ಟೋರಿಯಾ ರಾಣಿಯ ಪ್ರತಿಮೆಯ ಕಡೆ ನಡೆದು ಕಸ್ತೂರಬಾ ರಸ್ತೆಗೆ ತಿರುಗಿಕೊಂಡರೆ ಬಲಗಡೆ ಪಾರ್ಕಿನ ಮರಗಳು ಜೊತೆಗೇ ಬರುತ್ತವೆ. ಸರ್ಕಾರಿ ಮ್ಯೂಸಿಯಂವರೆಗಿನ ಸುಮಾರು ಒಂದು ಕಿಲೋಮೀಟರಿನ ಈ ನಡಿಗೆಯಲ್ಲಿ ಕಷ್ಟವಿರುವುದು ಆರಂಭದಲ್ಲಿ ಮಾತ್ರ. ಪ್ರತಿಮೆಯ ಬಳಿ ಹಲವು ದೊಡ್ಡ ರಸ್ತೆಗಳು ಕೂಡುತ್ತವೆ, ಅಲ್ಲಿ ದಾಟುವಾಗ ವಯಸ್ಸಾದವರ ಕೈ ಹಿಡಿದುಕೊಳ್ಳಬೇಕಾಗುತ್ತದೆ. ಅದು ದಾಟಿದರೆ ನೆರಳು, ಅಗಲವಾದ ದಾರಿ.

ಭಾನುವಾರವಾದರೆ ನಾನು ಬೇರೆ ದಾರಿಯನ್ನೇ ಹೇಳುತ್ತೇನೆ. ಮೆಜೆಸ್ಟಿಕ್ ಕಡೆಯಿಂದ ಬರುವವರು ಒಂದು ನಿಲ್ದಾಣ ಮೊದಲೇ, ಅಂದರೆ ಡಾ. ಬಿ.ಆರ್. ಅಂಬೇಡ್ಕರ್ ವಿಧಾನಸೌಧ ನಿಲ್ದಾಣದಲ್ಲಿ ಇಳಿಯಿರಿ. ಒಂದು ಕಡೆ ವಿಧಾನಸೌಧ, ಇನ್ನೊಂದು ಕಡೆ ಕೆಂಪು ಬಣ್ಣದ ಅಠಾರಾ ಕಚೇರಿ. ಅದರ ಹಿಂದೆಯೇ ಪಾರ್ಕು. ಭಾನುವಾರ ಪಾರ್ಕಿನೊಳಗೆ ವಾಹನ ಬಿಡುವುದಿಲ್ಲವಾದ್ದರಿಂದ ಮಕ್ಕಳನ್ನು ಕೈಬಿಟ್ಟು ನಡೆಸಬಹುದು. ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಕೇಂದ್ರ ಗ್ರಂಥಾಲಯವನ್ನು ದಾಟಿ ಕಸ್ತೂರಬಾ ರಸ್ತೆಗೆ ಬಂದು ಬಿಡಬಹುದು. ಬೆಂಗಳೂರಿನಲ್ಲಿ ಮ್ಯೂಸಿಯಂ ಒಂದಕ್ಕೆ ಕಾಲ್ನಡಿಗೆಯಲ್ಲಿ ಹೋಗಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ಮ್ಯೂಸಿಯಂ ಇಲ್ಲಿ ಬಂದು ನಿಂತದ್ದರ ಹಿಂದೆಯೂ ಒಂದು ದಾರಿಯ ಕತೆ ಇದೆ. ಮದ್ರಾಸಿನಲ್ಲಿ 1851ರಲ್ಲಿ ಸಂಗ್ರಹಾಲಯ ಕಟ್ಟಿದ್ದ ವೈದ್ಯ ಎಡ್ವರ್ಡ್ ಬಾಲ್ಫೋರ್ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದಾಗ ಇಲ್ಲಿಯೂ ಒಂದು ಬೇಕೆಂದು ಹಟ ಹಿಡಿದ. ಕಮಿಷನರ್ ಬೌರಿಂಗ್ ಬೆಂಬಲಕ್ಕೆ ನಿಂತ. 1865ರಲ್ಲಿ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂ ದಂಡಿನ ಪ್ರದೇಶದ ಒಂದು ಹಳೆಯ ಕಟ್ಟಡದಲ್ಲಿ ಶುರುವಾಯಿತು. ಇವತ್ತಿನ ಮ್ಯೂಸಿಯಂ ರಸ್ತೆಗೆ ಆ ಹೆಸರು ಬಂದದ್ದು ಅದರಿಂದಲೇ. ಈಗ ಅಲ್ಲಿ ಮ್ಯೂಸಿಯಂ ಇಲ್ಲ, ಹೆಸರು ಉಳಿದಿದೆ. ಹೊಸಬರು ಆಟೋ ಹತ್ತಿ ‘ಮ್ಯೂಸಿಯಂ’ ಎಂದರೆ ಒಮ್ಮೊಮ್ಮೆ ಅಲ್ಲಿಗೇ ಹೋಗಿ ಇಳಿಯುತ್ತಾರೆ. ‘ಕಸ್ತೂರಬಾ ರೋಡ್ ಮ್ಯೂಸಿಯಂ’ ಎಂದೇ ಹೇಳಬೇಕು. ಹನ್ನೆರಡು ವರ್ಷಗಳ ನಂತರ, 1877ರಲ್ಲಿ, ರಿಚರ್ಡ್ ಸ್ಯಾಂಕಿ ಪಾರ್ಕಿನ ಅಂಚಿನಲ್ಲಿ ಈಗಿನ ಕೆಂಪು ಕಟ್ಟಡವನ್ನು ಎಬ್ಬಿಸಿದ. ಪಾರ್ಕನ್ನು 1870ರಲ್ಲಿ ರೂಪಿಸಿದವನೂ ಅವನೇ.

ಆ ಕಾಲದ ಬೆಂಗಳೂರು ಒಂದು ಊರಾಗಿರಲಿಲ್ಲ. ಪಶ್ಚಿಮಕ್ಕೆ ಕನ್ನಡ ಮಾತಾಡುವ ಪೇಟೆ, ಪೂರ್ವಕ್ಕೆ ಇಂಗ್ಲಿಷರ ದಂಡು. ಎರಡಕ್ಕೂ ನಡುವೆ ಬಯಲು. ಆ ಬಯಲಿನಲ್ಲಿಯೇ ಪಾರ್ಕು, ಅದರ ಪಕ್ಕದಲ್ಲಿ ಮ್ಯೂಸಿಯಂ. ಚಿಕ್ಕಪೇಟೆಯಿಂದ ನಡೆದು ಬರುವವನಿಗೂ ಶಿವಾಜಿನಗರದಿಂದ ನಡೆದು ಬರುವವನಿಗೂ ಹೆಚ್ಚುಕಡಿಮೆ ಒಂದೇ ದೂರ. ಸ್ಯಾಂಕಿ ಅದನ್ನು ಲೆಕ್ಕಹಾಕಿಯೇ ಮಾಡಿದನೆಂದು ಹೇಳಲಾರೆ. ಆದರೆ ಪರಿಣಾಮ ಇದು: ನೂರೈವತ್ತು ವರ್ಷಗಳ ನಂತರವೂ ಮಾರ್ಕೆಟ್, ಮೆಜೆಸ್ಟಿಕ್, ಶಿವಾಜಿನಗರ ಈ ಮೂರು ದೊಡ್ಡ ಬಸ್ ನಿಲ್ದಾಣಗಳ ನಡುವೆ ಈ ಜಾಗ ಇದೆ. ಬಸ್ಸಿನಲ್ಲಿ ಬರುವವರು ಕಾರ್ಪೊರೇಷನ್ನಿನಲ್ಲಿ ಇಳಿದು ಕಂಠೀರವ ಕ್ರೀಡಾಂಗಣದ ಪಕ್ಕದಿಂದಲೂ ನಡೆದು ಬರಬಹುದು.

ಒಳಗೆ ಏನಿದೆ ಎಂದು ಕೇಳುವವರಿಗೆ ಒಂದೇ ಕಲ್ಲಿನ ಬಗ್ಗೆ ಹೇಳುತ್ತೇನೆ. ಮಂಡ್ಯ ಜಿಲ್ಲೆಯ ಆತಕೂರಿನಿಂದ ತಂದ, ಹತ್ತನೆಯ ಶತಮಾನದ ವೀರಗಲ್ಲು ಇಲ್ಲಿದೆ. ರಾಷ್ಟ್ರಕೂಟರು ಚೋಳರನ್ನು ತಕ್ಕೋಲದಲ್ಲಿ ಸೋಲಿಸಿದ ಯುದ್ಧದ ವಿವರ ಅದರಲ್ಲಿದೆ. ಅದೇ ಕಲ್ಲಿನಲ್ಲಿ ಕಾಳಿ ಎಂಬ ನಾಯಿಯ ನೆನಪೂ ಇದೆ. ಕಾಡುಹಂದಿಯೊಡನೆ ಕಾದಾಡಿ ಸತ್ತ ನಾಯಿ ಅದು. ನಾಯಿ ಮತ್ತು ಹಂದಿ ಎದುರುಬದುರಾಗಿ ನಿಂತ ಉಬ್ಬುಶಿಲ್ಪದ ಮುಂದೆ ಮಕ್ಕಳನ್ನು ನಿಲ್ಲಿಸಿ ಕತೆ ಹೇಳಿ, ಆಮೇಲೆ ಅಲ್ಲಿಂದ ಅವರನ್ನು ಹೊರಡಿಸುವುದು ಕಷ್ಟ. ಹಳಗನ್ನಡ ಬಾರದಿದ್ದರೂ ಆ ಕಲ್ಲು ಮಾತಾಡುತ್ತದೆ.

ಅದೇ ಆವರಣದಲ್ಲಿ ವೆಂಕಟಪ್ಪ ಕಲಾ ಗ್ಯಾಲರಿ ಇದೆ. ಕೆ. ವೆಂಕಟಪ್ಪ (1886–1965) ಮೈಸೂರು ಅರಮನೆಯ ಚಿತ್ರಗಾರರ ಮನೆತನದಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟಾಗೋರರ ಶಿಷ್ಯರಾಗಿ, ಮತ್ತೆ ಮೈಸೂರಿಗೆ ಬಂದು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಕೆಲಸ ಮಾಡಿದವರು. ವೀಣೆಯನ್ನು ಶೇಷಣ್ಣನವರ ಬಳಿ ಕಲಿತವರು. ಅವರು ಊಟಿಯ ಬೆಟ್ಟಗಳ ಮೇಲೆ ಮಂಜು ಇಳಿಯುವುದನ್ನು ಜಲವರ್ಣದಲ್ಲಿ ಹಿಡಿದ ಬಗೆಯನ್ನು ಅಚ್ಚಿನಲ್ಲಿ ನೋಡಿ ಪ್ರಯೋಜನವಿಲ್ಲ, ಮೂಲವನ್ನೇ ಹತ್ತಿರದಿಂದ ನೋಡಬೇಕು. ಕನ್ನಡನಾಡು ಆಧುನಿಕ ಚಿತ್ರಕಲೆಗೆ ಕೊಟ್ಟ ಮೊದಲ ದೊಡ್ಡ ಹೆಸರು ಅವರದು. ನಮ್ಮ ಎಷ್ಟೋ ಓದುಬಲ್ಲ ಮನೆಗಳಲ್ಲಿ ಆ ಹೆಸರೇ ಗೊತ್ತಿಲ್ಲ ಎಂಬುದು ನನಗೆ ನಿಜಕ್ಕೂ ನೋವಿನ ವಿಷಯ. ಒಂದು ಎಚ್ಚರಿಕೆ: ಇಂಥ ಹಳೆಯ ಕಟ್ಟಡಗಳನ್ನು ದುರಸ್ತಿಗೆಂದು ತಿಂಗಳುಗಟ್ಟಲೆ ಮುಚ್ಚುವುದುಂಟು. ಹೊರಡುವ ಮೊದಲು ಫೋನ್ ಮಾಡಿ ಕೇಳಿಕೊಳ್ಳಿ.

ರಸ್ತೆಯ ಎದುರು ಬದಿಯಲ್ಲಿ ಹೊಳೆಯುವ ಉಕ್ಕಿನ ಕಟ್ಟಡ ಇದೆಯಲ್ಲ, ಅದು ಜನ ‘ಮ್ಯಾಪ್’ ಎಂದು ಕರೆಯುವ ಕಲೆ ಮತ್ತು ಛಾಯಾಚಿತ್ರಗಳ ಮ್ಯೂಸಿಯಂ. ಅಭಿಷೇಕ್ ಪೊದ್ದಾರ್ ಅವರು ಸ್ಥಾಪಿಸಿದ ಖಾಸಗಿ ಸಂಸ್ಥೆ ಇದು. 2023ರ ಫೆಬ್ರವರಿ 18ರಂದು ತೆರೆಯಿತು. ಮ್ಯಾಥ್ಯೂ ಅಂಡ್ ಘೋಷ್ ವಾಸ್ತುಶಿಲ್ಪಿಗಳು ಐದು ಅಂತಸ್ತಿನ ಈ ಕಟ್ಟಡಕ್ಕೆ ಉಕ್ಕಿನ ಹಾಳೆಗಳ ಹೊದಿಕೆ ಕೊಟ್ಟಿದ್ದಾರೆ. ಹಳೆಯ ಕಾಲದ ನೀರಿನ ಟ್ಯಾಂಕುಗಳ ತಗಡಿನ ಮೇಲಿರುತ್ತಿದ್ದ ಉಬ್ಬು ಗೆರೆಗಳು ಇದಕ್ಕೆ ಪ್ರೇರಣೆ. ಮೊದಲ ಪ್ರದರ್ಶನಗಳಲ್ಲಿಯೇ ಜ್ಯೋತಿ ಭಟ್ಟರ ಛಾಯಾಚಿತ್ರಗಳು ಇದ್ದವು. ಹಳ್ಳಿಯ ಅಂಗಳದ ರಂಗೋಲಿ, ಗೋಡೆಗಳ ಮೇಲಿನ ಚಿತ್ತಾರಗಳನ್ನು ಜೀವಮಾನವಿಡೀ ಹುಡುಕಿ ದಾಖಲಿಸಿದವರು ಅವರು. ಇಲ್ಲಿಗೆ ನಡೆದು ಬರುವವರಿಗೆ ದೊಡ್ಡ ಅನುಕೂಲವೆಂದರೆ ಬಾಗಿಲು ರಸ್ತೆಯ ಮೇಲೆಯೇ ಇದೆ. ಉದ್ದನೆಯ ಡ್ರೈವ್‌ವೇ, ಕಾರಿನಲ್ಲಿ ಬಂದವರಿಗಷ್ಟೇ ಅರ್ಥವಾಗುವ ಗೇಟು ಇವೆಲ್ಲ ಇಲ್ಲ.

ಕಸ್ತೂರಬಾ ರಸ್ತೆಯ ಮಾತು ಇಷ್ಟಾಯಿತು. ಇಲ್ಲಿಗೆ ಬರಲು ಕಾರು ಬೇಕಿಲ್ಲ, ಕಾರು ತಂದರೆ ನಿಲ್ಲಿಸುವುದೇ ತಲೆನೋವು. ಅರಮನೆ ರಸ್ತೆಯ ಕತೆ ಹಾಗಿಲ್ಲ.

ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ ದೆಹಲಿಯ ಜೈಪುರ ಹೌಸಿನಲ್ಲಿ ಶುರುವಾದದ್ದು 1954ರಲ್ಲಿ. ಮುಂಬೈಯಲ್ಲಿ 1996ರಲ್ಲಿ ಒಂದು ಶಾಖೆ ಬಂತು. ದಕ್ಷಿಣಕ್ಕೊಂದು ಬೇಕೆಂಬ ಕಲಾವಿದರ ಬೇಡಿಕೆ ಈಡೇರಿದ್ದು 2009ರ ಫೆಬ್ರವರಿ 18ರಂದು, ಬೆಂಗಳೂರಿನ ಮಾಣಿಕ್ಯವೇಲು ಮ್ಯಾನ್ಷನ್ನಿನಲ್ಲಿ. ಗಣಿ ವ್ಯಾಪಾರದಲ್ಲಿ ಸಿರಿವಂತರಾದ ಮಾಣಿಕ್ಯವೇಲು ಮೊದಲಿಯಾರ್ ಮೈಸೂರಿನ ಯುವರಾಜರಿಂದ ಕೊಂಡ ಬಂಗಲೆ ಅದು. ಮುಂದೆ ಕೈ ಬದಲಾಗಿ ಸರ್ಕಾರಕ್ಕೆ ಸೇರಿತು. ಸುಮಾರು ಮೂರೂವರೆ ಎಕರೆ ಆವರಣ, ದೊಡ್ಡ ದೊಡ್ಡ ಮರಗಳು, ಕೊಳ, ಹಳೆಯ ಬಂಗಲೆಗೆ ಹೊಂದುವಂತೆ ಹಿಂದೆ ಕಟ್ಟಿದ ಹೊಸ ಗ್ಯಾಲರಿ. ವಾಸ್ತುಶಿಲ್ಪಿ ನರೇಶ್ ನರಸಿಂಹನ್ ಮರಗಳನ್ನು ಉಳಿಸಿಕೊಂಡೇ ಮಾಡಿದ ಕೆಲಸ. ರವಿವರ್ಮ, ನಂದಲಾಲ್ ಬೋಸ್, ಜಾಮಿನಿ ರಾಯ್, ಅಮೃತಾ ಶೇರ್‌ಗಿಲ್ ಮುಂತಾದವರು ಇರುವ ರಾಷ್ಟ್ರೀಯ ಸಂಗ್ರಹದ ಕೃತಿಗಳನ್ನು ನೋಡಲು ಕನ್ನಡಿಗರು ದೆಹಲಿಗೆ ಹೋಗಬೇಕಿಲ್ಲದಂತೆ ಮಾಡಿದ ಜಾಗ ಇದು. ಊರಿನಲ್ಲಿ ಇಷ್ಟು ಚೆಲುವಾದ ಸಾರ್ವಜನಿಕ ಆವರಣಗಳು ಹೆಚ್ಚಿಲ್ಲ.

ಆದರೆ ಅಲ್ಲಿಗೆ ಹೋಗುವುದು ಹೇಗೆ? ವಿಧಾನಸೌಧ ಮೆಟ್ರೊ ನಿಲ್ದಾಣದಿಂದ ಸುಮಾರು ಎರಡು ಕಿಲೋಮೀಟರ್. ಜನ ಚಾಲುಕ್ಯ ಸರ್ಕಲ್ ಎನ್ನುವ ಬಸವೇಶ್ವರ ವೃತ್ತಕ್ಕೆ ಬಂದು, ಕುದುರೆಯೇರಿದ ಬಸವಣ್ಣನವರ ಪ್ರತಿಮೆ ದಾಟಿ, ಅರಮನೆ ರಸ್ತೆ ಹಿಡಿದು ನಡೆಯಬೇಕು. ದೂರ ದೊಡ್ಡದಲ್ಲ. ಗಟ್ಟಿ ಕಾಲಿನವರಿಗೆ ಅರ್ಧ ಗಂಟೆಯೂ ಬೇಡ. ಆದರೆ ಏಪ್ರಿಲ್ ಬಿಸಿಲಿನಲ್ಲಿ ಎರಡು ಮಕ್ಕಳನ್ನು ಕರೆದುಕೊಂಡು ಬಂದ ತಾಯಿಗೆ, ಮಂಡಿನೋವಿನ ಅಜ್ಜನಿಗೆ, ಮಧ್ಯೆ ಮಧ್ಯೆ ಸಿಗ್ನಲ್ ಇಲ್ಲದ ದೊಡ್ಡ ರಸ್ತೆಗಳನ್ನು ದಾಟಿಕೊಂಡು ಅಷ್ಟು ನಡೆಯುವುದೆಂದರೆ ಮನೆಯಲ್ಲೇ ಉಳಿಯಲು ಸಾಕಷ್ಟು ಕಾರಣ. ಆಟೋ ಹಿಡಿದರೆ ಮೀಟರಿನ ಕನಿಷ್ಠ ದರವೇ 2025ರ ಆಗಸ್ಟಿನಿಂದ 36 ರೂಪಾಯಿ. ಸಂಗ್ರಹಾಲಯದ ಪ್ರವೇಶ ಟಿಕೆಟ್ 20 ರೂಪಾಯಿ. ಒಳಗೆ ಹೋಗುವ ಖರ್ಚಿಗಿಂತ ಕೊನೆಯ ಎರಡು ಕಿಲೋಮೀಟರಿನ ಖರ್ಚು ಹೆಚ್ಚು, ಅದೂ ಮೀಟರ್ ಹಾಕಿದರೆ.

ಬಸ್ಸಿನಲ್ಲಿ ಬರುವವರಿಗೆ ಇನ್ನೊಂದು ತೊಂದರೆ, ಹೆಸರಿನದು. ‘ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ’ ಎಂದು ಕಂಡಕ್ಟರನ್ನು ಕೇಳಿದರೆ ಅವರು ನಿಮ್ಮ ಮುಖ ನೋಡುತ್ತಾರೆ. ಅದರಲ್ಲಿ ಅವರ ತಪ್ಪಿಲ್ಲ, ದಿನಕ್ಕೆ ಎಷ್ಟು ಜನ ಹಾಗೆ ಕೇಳುತ್ತಾರೆ? ‘ಮೌಂಟ್ ಕಾರ್ಮೆಲ್ ಕಾಲೇಜ್ ಹತ್ರ ಇಳಿಸಿ ಅಣ್ಣ’ ಎಂದರೆ ತಕ್ಷಣ ಗೊತ್ತಾಗುತ್ತದೆ. ಕಾಲೇಜು ಮತ್ತು ಸಂಗ್ರಹಾಲಯ ಅದೇ ಅರಮನೆ ರಸ್ತೆಯಲ್ಲಿ ಹತ್ತಿರ ಹತ್ತಿರ ಇವೆ. ಇನ್ನು ವಸಂತನಗರದ ಕಡೆಯ ಬಸ್ಸುಗಳಲ್ಲಿ ಬಂದರೂ ಸ್ವಲ್ಪ ನಡೆದರೆ ಸಿಗುತ್ತದೆ. ಮಾರ್ಗದ ನಂಬರುಗಳು ಬದಲಾಗುತ್ತಿರುತ್ತವೆ, ‘ನಮ್ಮ ಬಿಎಂಟಿಸಿ’ ಆ್ಯಪ್ ಇಟ್ಟುಕೊಂಡರೆ ಬಸ್ಸು ಎಲ್ಲಿದೆ ಎಂದು ಕಾಣುತ್ತದೆ.

ಮ್ಯೂಸಿಯಂ ತಲುಪುವ ಈ ಕಷ್ಟಕ್ಕೆ ಪರಿಹಾರ ಹುಡುಕಿದ ಊರುಗಳಿವೆ. ಒಂದರ ಕತೆಗೆ ಶ್ರೀರಂಗಪಟ್ಟಣದ ಸಂಬಂಧವೂ ಇದೆ. ಲಂಡನ್ನಿನಲ್ಲಿ 1851ರ ಮಹಾ ವಸ್ತುಪ್ರದರ್ಶನದಿಂದ ಬಂದ ಲಾಭದ ಹಣದಲ್ಲಿ ಸೌತ್ ಕೆನ್ಸಿಂಗ್ಟನ್ನಿನಲ್ಲಿ ಜಮೀನು ಕೊಂಡು, 1857ರಲ್ಲಿ ಅಲ್ಲೊಂದು ಮ್ಯೂಸಿಯಂ ತೆರೆದರು. ಈಗಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಅದು. ಆ ಕಾಲಕ್ಕೆ ಆ ಜಾಗ ಊರಿನ ಹೊರಗಿತ್ತು. ದುಡಿಯುವ ಜನ ಇದ್ದದ್ದು ಪೂರ್ವದ ತುದಿಯಲ್ಲಿ, ಮ್ಯೂಸಿಯಂ ಪಶ್ಚಿಮದಲ್ಲಿ. ಮ್ಯೂಸಿಯಂನ ಮೊದಲ ನಿರ್ದೇಶಕ ಹೆನ್ರಿ ಕೋಲ್ ಕೂಲಿ ಕೆಲಸದವರು ಬಾರದ ಮ್ಯೂಸಿಯಂ ತನಗೆ ಬೇಡ ಎಂದು ನಂಬಿದ್ದ ಮನುಷ್ಯ. ಗ್ಯಾಸ್ ದೀಪ ಹಾಕಿಸಿ ರಾತ್ರಿ ಹೊತ್ತು ಬಾಗಿಲು ತೆರೆಸಿದ. ಹಗಲು ಪೂರ್ತಿ ದುಡಿದವರು ಸಂಜೆ ಹೆಂಡತಿ ಮಕ್ಕಳೊಂದಿಗೆ ಬರಲಿ ಎಂಬುದು ಅವನ ಲೆಕ್ಕ. ತಿನ್ನಲು ಕುಡಿಯಲು ಮ್ಯೂಸಿಯಂನೊಳಗೇ ಜಾಗ ಮಾಡಿದ. ಅಷ್ಟಾದರೂ ಪೂರ್ವದವರಿಗೆ ದೂರ ದೂರವೇ ಆಗಿತ್ತು. ಆಗ 1872ರಲ್ಲಿ ಪೂರ್ವದ ಬೆತ್ನಲ್ ಗ್ರೀನ್‌ನಲ್ಲಿ ಶಾಖೆಯೊಂದು ತೆರೆಯಿತು.

ರೈಲು ನಿಲ್ದಾಣ ಸೌತ್ ಕೆನ್ಸಿಂಗ್ಟನ್ನಿಗೆ 1868ರಲ್ಲಿಯೇ ಬಂದಿತ್ತು. 1885ರಲ್ಲಿ ನಿಲ್ದಾಣದಿಂದ ಆಗ ಅಲ್ಲಿ ನಡೆಯುತ್ತಿದ್ದ ವಸ್ತುಪ್ರದರ್ಶನದ ಕಡೆಗೆ ರಸ್ತೆಯಡಿ ಕಾಲುದಾರಿ ತೋಡಿದರು. ಮೊದಲು ಅದಕ್ಕೆ ಸುಂಕವಿತ್ತು, 1908ರಿಂದ ಬಿಟ್ಟಿ. ಇವತ್ತಿಗೂ ಶಾಲಾಮಕ್ಕಳ ಸಾಲು ಆ ಬಿಳಿ ಹಂಚಿನ ಸುರಂಗದಲ್ಲಿ ಗದ್ದಲ ಮಾಡುತ್ತ ನಡೆದು, ದೊಡ್ಡ ರಸ್ತೆಯನ್ನು ದಾಟುವ ಗೋಜೇ ಇಲ್ಲದೆ ಮೂರು ದೊಡ್ಡ ಮ್ಯೂಸಿಯಂಗಳ ಬಾಗಿಲಿಗೆ ಬಂದು ಸೇರುತ್ತದೆ. ಅವುಗಳಲ್ಲಿ ಒಂದರೊಳಗೆ ಟಿಪ್ಪುವಿನ ಹುಲಿ ಇದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅರಮನೆಯಿಂದ ಹೊತ್ತೊಯ್ದದ್ದು. ಬಿಳಿಯ ಸಿಪಾಯಿಯ ಮೇಲೆ ಎರಗಿದ ಮರದ ಹುಲಿ, ಹಿಡಿ ತಿರುಗಿಸಿದರೆ ಗುರುಗುಟ್ಟುತ್ತಿತ್ತು. ನಮ್ಮವರಲ್ಲಿ ಯಾರಾದರೂ ಹೀಥ್ರೂ ವಿಮಾನ ನಿಲ್ದಾಣದಲ್ಲಿ ಇಳಿದು ಪಿಕಡಿಲಿ ಮಾರ್ಗದ ಟ್ಯೂಬ್ ಹತ್ತಿದರೆ ಎಲ್ಲಿಯೂ ಗಾಡಿ ಬದಲಿಸದೆ ಆ ಹುಲಿಯ ಮುಂದೆ ಹೋಗಿ ನಿಲ್ಲಬಹುದು, ಮ್ಯೂಸಿಯಂಗೆ ಪ್ರವೇಶ ಶುಲ್ಕವೂ ಇಲ್ಲ. ನಮ್ಮ ಮಣ್ಣಿನ ವಸ್ತು ಅಲ್ಲಿದೆ ಎಂಬ ಸಂಕಟ ನನಗೂ ಇದೆ. ಅದರ ಜೊತೆಗೇ, ಅದನ್ನು ನೋಡಲು ಬರುವ ಸಾಮಾನ್ಯನ ಕಾಲಿನ ಬಗ್ಗೆ ಆ ಊರು ನೂರು ವರ್ಷಕ್ಕೂ ಮಿಕ್ಕಿ ಯೋಚಿಸಿತಲ್ಲ ಎಂಬ ಗೌರವವೂ ಇದೆ.

ಪ್ಯಾರಿಸ್ಸಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 1968ರಲ್ಲಿ ಲೂವ್ರ್ ಮೆಟ್ರೊ ನಿಲ್ದಾಣದೊಳಗೇ ಮ್ಯೂಸಿಯಂನ ಶಿಲ್ಪಗಳ ಪ್ರತಿಕೃತಿಗಳನ್ನು ಇಟ್ಟರು. ಕೆಲಸಕ್ಕೆ ಹೋಗುವವನು ಇಳಿಯದಿದ್ದರೂ ಕಿಟಕಿಯಿಂದ ಒಮ್ಮೆ ನೋಡಲಿ ಎಂದು. ನಮ್ಮಲ್ಲಿಯೂ ಇಂಥದ್ದು ಸ್ವಲ್ಪ ನಡೆದಿದೆ. ಎಂ.ಜಿ. ರಸ್ತೆ ನಿಲ್ದಾಣದ ಕೆಳಗೆ 2013ರಲ್ಲಿ ರಂಗೋಲಿ ಕಲಾ ಕೇಂದ್ರ ತೆರೆಯಿತು. ಸೃಷ್ಟಿ ಕಲಾಶಾಲೆಯ ವಿದ್ಯಾರ್ಥಿಗಳು ಪೀಣ್ಯ ಮತ್ತು ಕಬ್ಬನ್ ಪಾರ್ಕ್ ನಿಲ್ದಾಣಗಳ ಗೋಡೆಗಳ ಮೇಲೆ ಕೆಲಸ ಮಾಡಿದ್ದಾರೆ. ಇವು ಒಳ್ಳೆಯವು. ಆದರೆ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿದವರಿಗೆ ‘ವೆಂಕಟಪ್ಪ ಕಲಾ ಗ್ಯಾಲರಿ, ಈ ಕಡೆ, ಒಂದು ಕಿಲೋಮೀಟರ್’ ಎಂದು ದೊಡ್ಡ ಕನ್ನಡ ಅಕ್ಷರಗಳಲ್ಲಿ ಹೇಳುವ ಫಲಕ, ಅದರ ಪಕ್ಕದಲ್ಲಿ ವೆಂಕಟಪ್ಪನವರ ಒಂದು ಬೆಟ್ಟದ ಚಿತ್ರ ಕಣ್ಣಿಗೆ ಬೀಳುವಂತಿರಬೇಕು ಎಂಬುದು ನನ್ನ ಆಸೆ.

ಕರ್ನಾಟಕದಲ್ಲಿ ಮ್ಯೂಸಿಯಂನ ದಾರಿಯನ್ನು ಬದಲಿಸಬಲ್ಲ ದೊಡ್ಡ ಸಂಗತಿ ಮೆಟ್ರೊ ಒಂದೇ ಅಲ್ಲ, 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯೂ ಹೌದು ಎಂದು ನಾನು ನಂಬುತ್ತೇನೆ. ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ, ಬಿಎಂಟಿಸಿಯೂ ಸೇರಿ, ಟಿಕೆಟ್ಟಿಗೆ ಹಣವಿಲ್ಲ. ಕಂಡಕ್ಟರ್ ಶೂನ್ಯ ಟಿಕೆಟ್ ಹರಿದು ಕೊಡುತ್ತಾರೆ. ಧರ್ಮಸ್ಥಳಕ್ಕೆ, ಚಾಮುಂಡಿ ಬೆಟ್ಟಕ್ಕೆ, ತವರಿಗೆ ಹೆಣ್ಣುಮಕ್ಕಳು ಗುಂಪಾಗಿ ಹೊರಟದ್ದನ್ನು ಎಲ್ಲರೂ ನೋಡಿದ್ದೇವೆ. ಪೀಣ್ಯದ ಗಾರ್ಮೆಂಟ್ಸಿನಲ್ಲಿ ದುಡಿಯುವ ಹೆಣ್ಣುಮಗಳು ರಜೆಯ ದಿನ ಮಗಳ ಕೈ ಹಿಡಿದು ಬಸ್ಸು ಹತ್ತಿದರೆ ಕಸ್ತೂರಬಾ ರಸ್ತೆಯವರೆಗೆ ಅವಳ ಪ್ರಯಾಣಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. 2025ರ ಫೆಬ್ರವರಿಯಲ್ಲಿ ದರ ಏರಿಸಿದಾಗ ಮೆಟ್ರೊ ಟಿಕೆಟ್ 10 ರೂಪಾಯಿಯಿಂದ 90 ರೂಪಾಯಿವರೆಗೆ ಹೋಯಿತು. ಊರಿನ ತುದಿಯಿಂದ ನಾಲ್ಕು ಜನ ಹೋಗಿ ಬರುವುದು ಈಗ ನೂರಾರು ರೂಪಾಯಿಯ ಮಾತು. ಭಾನುವಾರ ಸ್ಮಾರ್ಟ್ ಕಾರ್ಡಿನವರಿಗೆ ಶೇ. 10 ರಿಯಾಯಿತಿ ಇದೆ, ಅದು ಸಣ್ಣ ಸಮಾಧಾನ. ಹೀಗಿರುವಾಗ ಉಚಿತ ಬಸ್ಸು ಮ್ಯೂಸಿಯಂಗಳಿಗೆ ಸಿಕ್ಕ ದೊಡ್ಡ ಭಾಗ್ಯ. ಆದರೆ ಮ್ಯೂಸಿಯಂಗಳು ಆ ಹೆಣ್ಣುಮಕ್ಕಳನ್ನು ಕರೆಯಬೇಕಲ್ಲ! ಸ್ತ್ರೀಶಕ್ತಿ ಸಂಘಗಳಿಗೆ, ಕಾರ್ಖಾನೆಯ ಗೇಟುಗಳಿಗೆ, ಅಂಗನವಾಡಿಗಳಿಗೆ ಕನ್ನಡದಲ್ಲಿ ಒಂದು ಆಮಂತ್ರಣ ಹೋಗಬೇಕು. ಯಾವ ಬಸ್ಸು ಹತ್ತಬೇಕು, ಎಲ್ಲಿ ಇಳಿಯಬೇಕು ಎಂಬುದೂ ಅದರಲ್ಲಿರಬೇಕು.

ಊರಾಚೆಯವರನ್ನೂ ಮರೆಯಬಾರದು. ದಂಡು ರೈಲ್ವೆ ನಿಲ್ದಾಣ, ಈಗಿನವರ ಮಾತಿನಲ್ಲಿ ಕಂಟೋನ್ಮೆಂಟ್, ಅರಮನೆ ರಸ್ತೆಯ ಸಂಗ್ರಹಾಲಯದಿಂದ ಒಂದೂವರೆ ಕಿಲೋಮೀಟರಿನ ಆಸುಪಾಸಿನಲ್ಲಿದೆ. ಬಂಗಾರಪೇಟೆ, ಮಾಲೂರು ಕಡೆಯಿಂದ ದಿನಾ ಕೆಲಸಕ್ಕೆ ಬರುವವರ ರೈಲುಗಳು ಅಲ್ಲಿ ನಿಲ್ಲುತ್ತವೆ. ಕೋಲಾರದ ಯಾವುದೋ ಸರ್ಕಾರಿ ಪ್ರೌಢಶಾಲೆಯ ಚಿತ್ರಕಲಾ ಮೇಷ್ಟ್ರು ಇಪ್ಪತ್ತು ಮಕ್ಕಳನ್ನು ಲೋಕಲ್ ರೈಲಿನಲ್ಲಿ ಕರೆತಂದು, ಜಾಮಿನಿ ರಾಯ್ ಅವರ ಕಣ್ಣುಗಳನ್ನು ತೋರಿಸಿ, ಸಂಜೆಯ ರೈಲಿಗೆ ವಾಪಸು ಕರೆದೊಯ್ಯಬಹುದು. ಪ್ರವಾಸದ ಬಸ್ಸು ಗೊತ್ತುಮಾಡಲು ದುಡ್ಡಿಲ್ಲದ ಶಾಲೆಗಳಿಗೆ ಇದು ಹತ್ತಿರದ ದಾರಿ. ನಡುವೆ ಉಳಿಯುವುದು ಆ ಒಂದೂವರೆ ಕಿಲೋಮೀಟರ್. ಕಾಳೇನ ಅಗ್ರಹಾರದಿಂದ ನಾಗವಾರಕ್ಕೆ ಹೋಗುವ ಗುಲಾಬಿ ಮೆಟ್ರೊ ಮಾರ್ಗ ಶಿವಾಜಿನಗರ, ದಂಡು ಪ್ರದೇಶಗಳ ನೆಲದಡಿ ಹಾಯುತ್ತದೆ. ಅದು ಪೂರ್ತಿ ಓಡಿದರೂ ಸಂಗ್ರಹಾಲಯದ ಗೇಟಿಗೆ ಬರುವುದಿಲ್ಲ, ನಡಿಗೆ ಉಳಿದೇ ಉಳಿಯುತ್ತದೆ.

ಆದ್ದರಿಂದ ಬಿಎಂಟಿಸಿಯನ್ನೂ ಸಂಗ್ರಹಾಲಯವನ್ನೂ ಕೇಳುವುದು ದೊಡ್ಡ ಯೋಜನೆಯನ್ನಲ್ಲ. ವಾರಾಂತ್ಯದಲ್ಲಿ ಒಂದು ಸಣ್ಣ ಬಸ್ಸು ಓಡಲಿ. ದಂಡು ರೈಲ್ವೆ ನಿಲ್ದಾಣದಿಂದ ಹೊರಟು, ಅರಮನೆ ರಸ್ತೆಯ ಸಂಗ್ರಹಾಲಯ, ಚಿತ್ರಕಲಾ ಪರಿಷತ್ತು, ವಿಧಾನಸೌಧ ಮೆಟ್ರೊ, ಕಸ್ತೂರಬಾ ರಸ್ತೆ ಹೀಗೆ ಸುತ್ತಿ ಬರಲಿ. ಪರಿಷತ್ತಿನಲ್ಲಿ ಕಲಾವಿದ ರೋರಿಕ್ ಅವರ ಚಿತ್ರಗಳಿವೆ, ಅವುಗಳನ್ನೂ ಸಂತೆಯ ದಿನ ಬಿಟ್ಟು ನೋಡುವವರು ಕಡಿಮೆ. ಬಸ್ ತಂಗುದಾಣಕ್ಕೆ ಕಾಲೇಜಿನ ಹೆಸರಿನ ಜೊತೆ ಸಂಗ್ರಹಾಲಯದ ಹೆಸರನ್ನೂ ಬರೆಯಿಸಲಿ, ಬಸ್ಸಿನೊಳಗಿನ ಧ್ವನಿ ಅದನ್ನು ಕೂಗಿ ಹೇಳಲಿ. ಕಂಡಕ್ಟರುಗಳು ಅದನ್ನು ದಿನಾ ಕೇಳಿ ಕೇಳಿ ತಾವೇ ಹೇಳಲು ಶುರುಮಾಡುತ್ತಾರೆ. ಇನ್ನೊಂದು, ಸಮಯದ್ದು. ಸಂಗ್ರಹಾಲಯಗಳು ಬಹುತೇಕ ದಿನ ಸಂಜೆ ಆರರ ಆಸುಪಾಸಿಗೆ ಬಾಗಿಲು ಹಾಕುತ್ತವೆ, ಕಚೇರಿಗಳೂ ಕಾರ್ಖಾನೆಗಳೂ ಬಿಡುವುದು ಅದೇ ಹೊತ್ತಿಗೆ. ಮೆಟ್ರೊ ರಾತ್ರಿ ಹನ್ನೊಂದರ ಸುಮಾರಿಗೂ ಓಡುತ್ತಿರುತ್ತದೆ. ವಾರಕ್ಕೆ ಒಂದು ಸಂಜೆ ಎಂಟೂವರೆಯವರೆಗೆ ದೀಪ ಹಚ್ಚಿಟ್ಟರೆ, ಗ್ಯಾಸ್ ದೀಪದ ಕಾಲದಲ್ಲಿ ಸಾಧ್ಯವಾದದ್ದು ಇವತ್ತು ಯಾಕೆ ಆಗುವುದಿಲ್ಲ?

ಇವೆಲ್ಲ ಆಗುವವರೆಗೆ ಕಾಯಬೇಡಿ ಎಂದು ಓದುಗರಲ್ಲಿ ನನ್ನ ವಿನಂತಿ. ಮುಂದಿನ ಭಾನುವಾರ ಮಕ್ಕಳನ್ನು ಕರೆದುಕೊಂಡು ವಿಧಾನಸೌಧ ನಿಲ್ದಾಣದಲ್ಲಿ ಇಳಿದು, ಪಾರ್ಕಿನೊಳಗಿಂದ ಕಸ್ತೂರಬಾ ರಸ್ತೆಗೆ ನಡೆಯಿರಿ. ಆ ನಾಯಿಯ ಕಲ್ಲನ್ನು ಕೇಳಿ ನೋಡಿ. ಅರಮನೆ ರಸ್ತೆಗೆ ಹೋಗುವುದಾದರೆ ಮೌಂಟ್ ಕಾರ್ಮೆಲ್ ಕಾಲೇಜಿನ ಹೆಸರು ಹೇಳಿ ಇಳಿಯಿರಿ, ನೀರಿನ ಬಾಟಲಿ ಇಟ್ಟುಕೊಳ್ಳಿ. ಹೋಗಿ ಬಂದ ಮೇಲೆ ದಾರಿ ಹೇಗಿತ್ತು ಎಂದು ಅಲ್ಲಿನ ಸಂದರ್ಶಕರ ಪುಸ್ತಕದಲ್ಲಿ ಕನ್ನಡದಲ್ಲೇ ಬರೆಯಿರಿ. ಸೋಮವಾರ ಮಾತ್ರ ಹೊರಡಬೇಡಿ, ಸರ್ಕಾರಿ ಮ್ಯೂಸಿಯಂ, ಮ್ಯಾಪ್, ಅರಮನೆ ರಸ್ತೆಯ ಸಂಗ್ರಹಾಲಯ ಮೂರಕ್ಕೂ ಅಂದು ರಜೆ.